ನನ್ನ ಬಾಯಲ್ಲಿ ಅವಳ ಹಿಂದಿ

ಮೈಮೇಲೆ ಬರುತ್ತದೆ ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ಬಿಂಡಿಗನವಿಲೆ ನನ್ನ ತವರು. ಅಲ್ಲಿ ನನ್ನ ಸೋದರತ್ತೆಗೆ ಮೈಮೇಲೆ ದೇವರು ಬರುತ್ತಿತ್ತು. ಸೊಸೆ ತವರಿಗೆ ಹೋಗುತ್ತೇನೆ ಎಂದು ಚೀಲ ಕಟ್ಟಿದ ದಿನವೇ ಬರುತ್ತಿತ್ತು, ಮಿಕ್ಕ ದಿನ ಸುಮ್ಮನಿರುತ್ತಿತ್ತು. ಅಂಥ ದೇವರನ್ನು ನೋಡಿ ಬೆಳೆದವಳು ನಾನು. ಈಗ ನಾನು ಹೇಳುವುದನ್ನು ಓದಿ ನೀವು ನಕ್ಕರೆ ಬೇಸರವಿಲ್ಲ, ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ. ಆದರೆ ಇದು ನನಗೇ ಆಗಿದ್ದು.

ನಮ್ಮದು ಕೆ.ಆರ್.ಎಸ್.ನಲ್ಲಿ ಒಂದು ಸಣ್ಣ ಹೋಟೆಲು. ಒಳಗೆ ಮುದ್ದೆ, ಮೀನು ಸಾರು ನನ್ನದು. ಹೊರಗೆ ಗಿರಾಕಿಗಳನ್ನು ನೋಡಿಕೊಳ್ಳುವುದು ನನ್ನ ಗಂಡ. ಇವರು ಅರಕೆರೆಯವರು. ಮದುವೆಗೆ ಮುಂಚೆ ಪಾಂಡವಪುರದ ಆಲೆಮನೆಗಳಿಂದ ಬೆಲ್ಲ ತುಂಬಿಕೊಂಡು ಉತ್ತರದ ಕಡೆಗೆ ಲಾರಿ ಓಡಿಸುತ್ತಿದ್ದರು. ಹಿಂದಿ ಕಲಿತದ್ದು ಆಗ. ಅಣೆಕಟ್ಟು ನೋಡಲು ಬರುವ ಉತ್ತರದವರು ನಮ್ಮ ಹೋಟೆಲಿಗೇ ನುಗ್ಗುವುದಕ್ಕೆ ಇವರ ಹಿಂದಿ ಕಾರಣವಂತೆ, ನನ್ನ ಕೈರುಚಿಯಲ್ಲವಂತೆ. ಬೀದಿಯವರೆಲ್ಲ ಹಾಗೇ ಹೇಳುತ್ತಾರೆ. ಹೇಳಲಿ.

ಆ ಹಿಂದಿಯನ್ನು ಕಂಡರೆ ನನಗೆ ಹೊಟ್ಟೆಯುರಿ. ಮುಚ್ಚುಮರೆ ಯಾಕೆ? ನನ್ನ ಹತ್ತಿರ ಇವರ ಮಾತು "ಲೇ, ಸೊಪ್ಪು ಬಂತಾ", "ಲೇ, ಸಾರಿಕ್ಕು" ಇಷ್ಟರಲ್ಲೇ ಮುಗಿಯುತ್ತದೆ. ಹಿಂದಿಯ ಹೆಂಗಸು ಒಬ್ಬಳು ಬಂದು ಬೆಂಚಿನ ಮೇಲೆ ಕೂತರೆ ಸಾಕು, ಆ ದನಿ ಎಲ್ಲಿಂದ ಬರುತ್ತದೋ ಕಾಣೆ, ಬೆಣ್ಣೆ! ಮಾತಿಗೊಂದು "ಜೀ". ಕತ್ತು ಕೂಡ ಬೇರೆ ಥರ ವಾಲುತ್ತದೆ. ಆ ಗಂಡಸನ್ನು ನಾನು ಕಂಡೇ ಇಲ್ಲ. ಅಂಥವನೊಬ್ಬ ಇವರೊಳಗೆ ಇದ್ದಾನೆ, ಊರವರಿಗೆಲ್ಲ ಸಿಗುತ್ತಾನೆ, ಕಟ್ಟಿಕೊಂಡ ನನಗೆ ಮಾತ್ರ ಸಿಗುವುದಿಲ್ಲ ಎನ್ನುವುದೇ ನನ್ನ ಸಂಕಟ.

ಉರಿಯುವುದಕ್ಕೆ ಎಣ್ಣೆ ಸುರಿದವನು ಇವರ ಲಾರಿಯಲ್ಲಿ ಕ್ಲೀನರ್ ಆಗಿದ್ದವನು. ಕೆ.ಆರ್. ಪೇಟೆಯಲ್ಲಿ ಒಂದು ಮದುವೆಗೆ ಹೋಗಿದ್ದಾಗ ಪಂಕ್ತಿಯಲ್ಲಿ ಎದುರಿಗೇ ಕೂತಿದ್ದ.

"ಅಕ್ಕೋ, ಇಂದೋರ್ ತಾವ ಒಂದು ಡಾಬಾ ಇತ್ತು ಕಣಕ್ಕ. ಅಲ್ಗೋಗ್ದೆ ನಮ್ಮಣ್ಣನ ಲಾರಿ ಮುಂದಕ್ಕೇ ಓಗ್ತಿರ್ನಿಲ್ಲ. ಆಯಮ್ಮ ರೊಟ್ಟಿ ತಟ್ಟಿ ಇಕ್ಕುದ್ರೇನೇ ಇವ್ರಿಗೆ ಗಂಟ್ಲಲ್ಲಿ ಇಳೀತಿದ್ದುದ್ದು" ಎಂದು ಕಿಸಕ್ಕನೆ ನಕ್ಕ.

"ಸುಮ್ಕೆ ಉಣ್ಲಾ" ಎಂದರು ಇವರು. ನಕ್ಕು ಬೈದಿದ್ದರೆ ನಾನೂ ನಕ್ಕುಬಿಡುತ್ತಿದ್ದೆ. ಇವರು ನಗಲಿಲ್ಲ. ಮನೆಗೆ ಬಂದ ಮೇಲೆ ಯಾರು ಅವಳು ಎಂದು ಕೇಳಿದೆ. "ಮುಗಿದೋದ್ ಕತೆ, ಬುಡೇ" ಎಂದು ಅಂಗಳಕ್ಕೆ ಹೋದರು. ನಮ್ಮ ಮದುವೆಗೆ ಮುಂಚಿನ ಮಾತು ಅದು, ನನಗೂ ಗೊತ್ತು. ಆದರೂ ನನ್ನ ಜೊತೆ ಇವರು ಸುಖವಾಗಿದ್ದಾರೋ, ಇಲ್ಲ ಅವಳನ್ನೇ ನೆನೆಸಿಕೊಂಡು ದಿನ ದೂಡುತ್ತಿದ್ದಾರೋ, ಅದೊಂದು ತಿಳಿಯಬೇಕಿತ್ತು. ಕೇಳೋಣ ಎಂದು ಬಾಯಿಗೆ ಬರುತ್ತಿತ್ತು, ನುಂಗಿಕೊಳ್ಳುತ್ತಿದ್ದೆ. "ಅವಳನ್ನೇ" ಎಂದುಬಿಟ್ಟರೆ ಆಮೇಲೆ ನಾನೇನು ಮಾಡಲಿ?

ಕೆಲವು ವರ್ಷದ ಹಿಂದೆ ನಮ್ಮ ಹೆಂಗಸರ ಸಂಘದವರು ಶ್ರೀರಂಗಪಟ್ಟಣದಿಂದ ಕಾಶಿಗೆ ಬಸ್ಸು ಮಾಡಿದರು. ಹೋಟೆಲು ಮುಚ್ಚುವ ಹಾಗಿಲ್ಲವಾದ್ದರಿಂದ ನಾನೊಬ್ಬಳೇ ಹೊರಟೆ. "ಅಲ್ಲಿ ದಾರಿ ತಪ್ಸ್ಕಂಡು ಕನ್ನಡದಲ್ಲಿ ಅತ್ರೆ ಯಾರ್ ಕೇಳಾರು? ಒಂದಷ್ಟು ಇಂದಿ ಕಲ್ಕೊ" ಎಂದು ಇವರೇ ಪಾಠ ಶುರು ಮಾಡಿದರು. ಮಧ್ಯಾಹ್ನದ ಊಟದವರೆಲ್ಲ ಎದ್ದು ಹೋದ ಮೇಲೆ ಎದುರುಬದುರು ಬೆಂಚಿನಲ್ಲಿ ಕೂರುವುದು. ಇವರು ಅಂಗಡಿಯವನು, ಬಸ್ಸಿನ ಕಂಡಕ್ಟರು, ಪೊಲೀಸು, ನಾನು ಪ್ರಯಾಣಿಕಳು. ಇದು ಎಷ್ಟು ಎನ್ನಲು "ಯೇ ಕಿತ್ನೇ ಕಾ ಹೈ". ಕುಡಿಯುವ ನೀರು ಎಲ್ಲಿ ಎನ್ನಲು "ಪೀನೇ ಕಾ ಪಾನಿ ಕಹಾಂ ಮಿಲೇಗಾ". ದಾರಿ ತಪ್ಪಿದರೆ "ಮೈಂ ರಾಸ್ತಾ ಭೂಲ್ ಗಯೀ ಹೂಂ". ಅದೊಂದನ್ನು ನನ್ನಿಂದ ಸರಿಯಾಗಿ ಹೇಳಿಸುವಷ್ಟರಲ್ಲಿ ಇವರು ಸುಸ್ತಾದರು.

ಪಕ್ಕದ ಮಳಿಗೆಯಲ್ಲಿ ಬಟ್ಟೆ ಹೊಲಿಯುವ ಜುಬೇದಾಗೆ ನಮ್ಮ ಪಾಠವೇ ಸಿನಿಮಾ. ಅವರ ಮನೆಮಾತು ಉರ್ದು, ಹಿಂದಿ ಚೆನ್ನಾಗಿ ತಿಳಿಯುತ್ತದೆ. "ಅಕ್ಕ, ನಿಮ್ ಇಂದಿ ಕೇಳುದ್ರೆ ಕಾಶಿ ಬಸ್ವಗಳೂ ಗಂಗೆಗೆ ಬಿದ್ಬುಡ್ತಾವೆ ಕಣಕ್ಕ" ಎಂದು ಬಾಗಿಲಲ್ಲಿ ನಿಂತು ನಗುತ್ತಿದ್ದಳು. ನಾನು ಸಿಟ್ಟು ಮಾಡುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಆ ಪಾಠ ಬಲು ಇಷ್ಟವಾಗಿತ್ತು. ಕಂಡಕ್ಟರಾದಾಗ ಇವರು ನನಗೂ "ಜೀ" ಎನ್ನುತ್ತಿದ್ದರು.

ಆ ದಿನವೂ ಹಾಗೇ ಕೂತಿದ್ದೆವು. ಮಟಮಟ ಮಧ್ಯಾಹ್ನ, ಒಳ್ಳೆ ಬಿಸಿಲು. ನನಗೆ ಜ್ವರವಿರಲಿಲ್ಲ, ನಿದ್ದೆಗೆಟ್ಟಿರಲಿಲ್ಲ, ಹೊಟ್ಟೆ ತುಂಬ ಉಂಡಿದ್ದೆ. ಇವರು ಕಂಡಕ್ಟರಾಗಿ ಕೈಯಾಡಿಸಿ, "ಕಹಾಂ ಜಾನಾ ಹೈ?" ಎಂದರು, ಎಲ್ಲಿಗೆ ಹೋಗಬೇಕು ಎಂದು. "ಬನಾರಸ್ ಜಾನಾ ಹೈ" ಎನ್ನಬೇಕು ನಾನು. ಬಾಯಿ ತೆರೆದೆ.

ಬಂದದ್ದು ಅದಲ್ಲ. ಉದ್ದನೆಯ ಹಿಂದಿ ಬಂತು. ತಡೆಯಿಲ್ಲದೆ, ಹುಟ್ಟಿದಾರಭ್ಯ ಅದನ್ನೇ ಆಡಿದವಳ ಹಾಗೆ. ದನಿ ನನ್ನದೇ. ಆದರೆ ಪಕ್ಕದ ಮನೆಯ ರೇಡಿಯೋ ಕೇಳಿಸಿಕೊಂಡ ಹಾಗೆ ನಾನು ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದೆ, ಒಂದು ಮಾತೂ ತಿಳಿಯುತ್ತಿರಲಿಲ್ಲ. ನಿಲ್ಲಿಸೋಣವೆಂದರೆ ನಾಲಿಗೆ ನನ್ನ ಮಾತು ಕೇಳಲಿಲ್ಲ. ಕೈ ತಾನಾಗಿ ಎದ್ದು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿತು. ನಮ್ಮ ಕಡೆ ಗಂಡನ ಮುಂದೆ ಯಾರು ಹಾಗೆ ಮುಸುಕು ಎಳೆದುಕೊಳ್ಳುತ್ತಾರೆ?

ಇವರು ಮೊದಲು ನಗಲು ಹೊರಟರು. ಆಮೇಲೆ ಮುಖ ಬಿಳುಚಿತು. ಆಮೇಲೆ, ಅಯ್ಯೋ ನನ್ನ ಕರ್ಮವೇ, ಆ ಮುಖ ಅರಳಿತು. ಕಣ್ಣು ತುಂಬಿತ್ತು, ತುಟಿ ನಗುತ್ತಿತ್ತು. ನಮ್ಮ ಮಗಳು ಹುಟ್ಟಿದ ದಿನವೂ ಆ ಮುಖವನ್ನು ನಾನು ನೋಡಿರಲಿಲ್ಲ. ಮುಂದಕ್ಕೆ ಬಾಗಿ, ಮೆಲ್ಲಗೆ, ಹಿಂದಿಯಲ್ಲಿ ಏನೋ ಹೇಳಿದರು. ಚಿಕ್ಕ ಮಾತು. ಅಷ್ಟಕ್ಕೆ ನನ್ನ ನಾಲಿಗೆ ನನಗೆ ವಾಪಸು ಬಂತು. "ಏನ್ರೀ ಅಂದ್ರಿ?" ಎಂದು ಕನ್ನಡದಲ್ಲಿ ಕೇಳಿದೆ. ಆ ಮುಖ ದೀಪ ಆರಿದ ಹಾಗೆ ಆರಿಹೋಯಿತು. ಎದ್ದು ಹಿತ್ತಿಲಿಗೆ ನಡೆದರು.

ಬಾಗಿಲಲ್ಲಿ ಜುಬೇದಾ ಕೈಯಲ್ಲಿ ಕತ್ತರಿ ಹಿಡಿದು ಕಂಬದ ಹಾಗೆ ನಿಂತಿದ್ದಳು. "ಯಾ ಅಲ್ಲಾ! ಅಕ್ಕ, ಇಷ್ಟು ಇಂದಿ ಇಟ್ಕಂಡು ಇಷ್ಟ್ ದಿನ ನಾಟ್ಕ ಆಡ್ತಿದ್ರಾ?" ಎಂದಳು. ಇಲ್ಲವೆಂದು ಮಗಳ ಮೇಲೆ ಆಣೆ ಇಟ್ಟೆ. ಆಮೇಲೆ ನಂಬಿದಳು. ನಾನು ಏನಂದೆ, ಅದನ್ನು ಹೇಳು ಎಂದು ಅವಳ ರಟ್ಟೆ ಹಿಡಿದುಕೊಂಡೆ.

"ಎಲ್ಗೂ ಓಗಲ್ಲ, ನಿನ್ನ ನೋಡ್ಕಂಡ್ ಓಗಾನ ಅಂತ ಬಂದೆ ಅಂದ್ರಿ. ಆಮ್ಯಾಕೆ, ಎಷ್ಟು ಸೊರಗೋಗಿದ್ದೀಯಾ, ಅವ್ಳು ನಿಂಗೆ ಒಟ್ಟೆ ತುಂಬಾ ಇಕ್ಕಾಕಿಲ್ವಾ ಅಂದ್ರಿ" ಎಂದಳು ಜುಬೇದಾ.

ನೋಡಿ, ಹೆದರಬೇಕಾದ ಹೊತ್ತು ಅದು. ನನಗೆ ಮೈಯೆಲ್ಲ ಉರಿದುಹೋಯಿತು. ಇಂದೋರಿನ ಆ ರೊಟ್ಟಿಯವಳು ನನ್ನ ಹೋಟೆಲಿನಲ್ಲಿ ಕೂತು, ನನ್ನ ಬಾಯಲ್ಲೇ, ನನ್ನ ಗಂಡನಿಗೆ ನಾನು ಅನ್ನ ಹಾಕುವುದಿಲ್ಲ ಎಂದಳಲ್ಲ! ಊರಿಗೆಲ್ಲ ಬಡಿಸುವ ಕೈ ಇದು. ಎಂಥಾ ಧಿಮಾಕು ಅವಳಿಗೆ!

"ಇನ್ನೇನಂದೆ?"

ಜುಬೇದಾ ತಡೆದು ಹೇಳಿದಳು. "ಕಡೀಗೆ, ಅವ್ಳ್ ಜೊತೆ ಸುಖವಾಗಿದ್ದೀಯಾ ಅಂತ ಕೇಳುದ್ರಿ ಅಕ್ಕ."

"ಅದಕ್ಕೆ ಇವ್ರು ಏನಂದ್ರು?"

"ಅವ್ರು ಬೋ ಮೆತ್ತುಗಂದ್ರು. ನಂಗೆ ಕೇಳುಸ್ನಿಲ್ಲ" ಎಂದಳು. ಹಾಗೆ ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ. ನಿಜವಾಗಿಯೂ ಕೇಳಿಸಲಿಲ್ಲವೋ, ಹೇಳಬಾರದೆಂದು ನುಂಗಿಕೊಂಡಳೋ, ಇವತ್ತಿಗೂ ತಿಳಿಯದು.

ರಾತ್ರಿ ಇವರನ್ನೇ ಕೇಳಿದೆ. "ನಿಂಗೇ ಗೊತ್ತಿಲ್ದಿದ್ಮ್ಯಾಕೆ ನಂಗೇನ್ ಗೊತ್ತು" ಎಂದು ಮಗ್ಗುಲಾದರು. ಅವಳು ಸತ್ತು ಬಂದಳೇ, ಒಮ್ಮೆ ವಿಚಾರಿಸಬಾರದೇ ಎಂದೆ. ಆ ಡಾಬಾ ಎಂದೋ ಮುಚ್ಚಿತು, ಯಾರ ಫೋನೂ ಇಲ್ಲ ಎಂದರು. ಸತ್ತಿದ್ದರೆ ಒಂದು ಲೆಕ್ಕ. ಬದುಕಿದ್ದು, ಆ ಮಧ್ಯಾಹ್ನ ಅಲ್ಲಿ ತನಗೆ ಒಂದು ಜೊಂಪು ಹತ್ತಿದಾಗ ಇಷ್ಟು ದೂರ ಬಂದುಹೋದಳೆಂದರೆ ಇನ್ನೊಂದು ಸಲ ಬರುವುದಿಲ್ಲವೆಂದು ಏನು ನಂಬಿಕೆ? ಪಾಠ ಅವತ್ತಿಗೇ ನಿಂತಿತು. "ಕಹಾಂ ಜಾನಾ ಹೈ ಅಂತ ಇನ್ನೊಂದ್ಸಲ ಕೇಳಿ ನೋಡೋಣ" ಎಂದು ನಾನೇ ಬೇಡಿದೆ. "ಬ್ಯಾಡ ಕಣೇ" ಎಂದರು. ಅವಳು ಬಂದುಬಿಡುತ್ತಾಳೆಂದು ಹೆದರಿದರೋ, ಬರದೇ ಹೋಗುತ್ತಾಳೆಂದು ಹೆದರಿದರೋ ನನಗೆ ಗೊತ್ತಾಗಲಿಲ್ಲ.

ಕಾಶಿಗೆ ಹೋಗಿಬಂದೆ. ದಾರಿ ತಪ್ಪಲಿಲ್ಲ, ನೀರು ಸಿಕ್ಕಿತು. ಆಮೇಲೆ ಟಿ.ವಿ. ನೋಡಿ, ಜುಬೇದಾಳನ್ನು ಕಾಡಿ ಹಿಂದಿಯನ್ನು ಸಾಕಷ್ಟು ಕಲಿತೆ. ಈಗ ಉತ್ತರದವರು ಬಂದರೆ ನಾನೇ ಮಾತಾಡುತ್ತೇನೆ. ಕಲಿತದ್ದು ವ್ಯಾಪಾರಕ್ಕಲ್ಲ. ಸುಖವಾಗಿದ್ದೇನೆ ಎನ್ನುವುದನ್ನು ಹಿಂದಿಯಲ್ಲಿ ಎಷ್ಟು ಬಗೆಯಲ್ಲಿ ಹೇಳಬಹುದೋ, ಇಲ್ಲ ಎನ್ನುವುದನ್ನು ಎಷ್ಟು ಬಗೆಯಲ್ಲಿ ಹೇಳಬಹುದೋ ಎಲ್ಲವನ್ನೂ ಕನ್ನಡಿಯ ಮುಂದೆ ನಿಂತು ಹೇಳಿ ನೋಡುತ್ತೇನೆ, ಇವರ ತುಟಿ ಆವತ್ತು ಆಡಿದ ಹಾಗೆ ನನ್ನ ತುಟಿ ಆಡುತ್ತದೆಯೇ ಎಂದು. ಒಂದೂ ಹೊಂದುವುದಿಲ್ಲ.

ನಾನು ಕೇಳಲಾರದೆ ಇಟ್ಟುಕೊಂಡಿದ್ದ ಮಾತನ್ನು ಅವಳು ಕೇಳಿದಳು, ಅದೂ ನನ್ನ ಬಾಯಿಂದಲೇ. ಇವರು ಉತ್ತರ ಹೇಳಿದ್ದೂ ನನ್ನ ಮುಖವನ್ನು ನೋಡಿಕೊಂಡೇ. ಆದರೆ ಹೇಳಿದ್ದು ಅವಳಿಗೆ.