ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರು

ಥರ್ಮಾಮೀಟರಿಗೆ ಊಟಕ್ಕೆ ಬಡಿಸುವವರನ್ನು ನೀವು ನೋಡಿದ್ದೀರಾ? ನಾನು ಹೋದ ವಾರ ನೋಡಿದೆ.

ಅರಸೀಕೆರೆಯಿಂದ ನನ್ನ ಅಂಬಾಸಿಡರ್ ಟ್ಯಾಕ್ಸಿಯಲ್ಲಿ ಒಬ್ಬ ಫಿಸಿಕ್ಸ್ ಮೇಷ್ಟ್ರನ್ನು ಹಗರೆ ಕಡೆಗೆ ಕರೆದುಕೊಂಡು ಹೋಗಿದ್ದೆ. ರಿಟೈರ್ ಆದವರು. ಭೂಮಿ ಬಿಸಿಯಾಗುತ್ತಿದೆ ಅಂದರೆ ಅವರಿಗೆ ಆಗುವುದಿಲ್ಲ.

"ಭೂಮಿ ಕಾದಿಲ್ಲ ಕಣಯ್ಯಾ, ಥರ್ಮಾಮೀಟರು ಕಾದಿದೆ" ಅಂದರು. "ಹವಾಮಾನ ಅಳೆಯೋವು ಮೊದಲು ಹೊಲದ ಮಧ್ಯೆ ಇರ್ತಿದ್ವು. ಈಗ ಪಕ್ಕದಲ್ಲೇ ಟಾರು ರೋಡು. ಜಾಸ್ತಿ ತೋರಿಸದೆ ಏನ್ಮಾಡ್ತವೆ?"

ಮಾತು ಸುಳ್ಳಲ್ಲ. ಮಧ್ಯಾಹ್ನ ಟಾರಿನ ಮೇಲೆ ಬರಿಗಾಲಲ್ಲಿ ನಿಂತವನಿಗೆ ಗೊತ್ತು. (ಎಲ್ಲ ಥರ್ಮಾಮೀಟರೂ ಟಾರಿನ ಪಕ್ಕದಲ್ಲೇ ಇವೆಯಾ ಸಾರ್ ಅಂದೆ. ಮೇಷ್ಟ್ರು ಭಾಷಣದ ಹಾಳೆ ತಿರುವಿದರು.)

ಮರುದಿನ ಕಾಲೇಜಿನಲ್ಲಿ ಇದೇ ವಿಷಯದ ಮೇಲೆ ಅವರ ಭಾಷಣ. ನಮ್ಮ ಸೀಮೆಯದ್ದೇ ಒಂದು ಸಾಕ್ಷಿ ಇಲ್ಲದಿದ್ದರೆ ಹುಡುಗರು ನಗುತ್ತಾರೆ ಅನ್ನುವ ಭಯ. ಅದಕ್ಕೇ ಈ ಸವಾರಿ.

ರೋಡಿಗೆ ಅಂಟಿಕೊಂಡ ಒಂದು ತೆಂಗಿನ ತೋಟ. ಹವಾಮಾನ ನೋಡಲು ಮಾಲೀಕರು ಶೋಕಿಗೆ ಇಡಿಸಿದ ಬಿಳಿ ಮರದ ಪೆಟ್ಟಿಗೆ. ಒಳಗೆ ಎರಡು ಥರ್ಮಾಮೀಟರು. ಒಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿರಬೇಕು, ಇನ್ನೊಂದು ಒಣಗಿರಬೇಕು. ಒದ್ದೆಯದು ಗಾಳಿಯ ತೇವ ತಿಳಿಯಲು; ಎಷ್ಟು ಬಿಸಿ ಅಂತ ಹೇಳುವುದು ಒಣಗಿದ್ದು. ತೋಟ ಕಾಯುವ ನಿಂಗಣ್ಣ ಅದನ್ನು ದಿನಾ ನೋಡಿ ಪುಸ್ತಕದಲ್ಲಿ ಬರೆಯುತ್ತಾನೆ.

ಪೆಟ್ಟಿಗೆ ತೆಗೆದರೆ ಎರಡಕ್ಕೂ ಒದ್ದೆ ಬಟ್ಟೆ.

"ಇದೇನಪ್ಪಾ ಹಿಂಗೆ?" ಅಂದರು ಮೇಷ್ಟ್ರು.

ನಿಂಗಣ್ಣ ತಲೆ ಕೆರೆದುಕೊಂಡ. "ಒಂದಕ್ಕೇ ನೀರು ಹಾಕು ಅಂದಿದ್ರು ಸಾಮಿ. ಒಂದೇ ಪಂಕ್ತೀಲಿ ಕುಂತವೆ. ಒಬ್ಬಂಗೆ ಇಕ್ಕಿ ಇನ್ನೊಬ್ಬನ್ನ ಹಂಗೇ ಕುಂಡ್ರಿಸಕ್ಕಾಯ್ತದಾ? ಅದಕ್ಕೇ ಎರಡಕ್ಕೂ ಹಾಕ್ದೆ."

"ಯಾವಾಗಿಂದ?"

"ಪೆಟ್ಗೆ ಬಂದಾಗಿಂದ್ಲೂವೆ."

ನನಗೆ ನಗು ತಡೆಯಲಿಲ್ಲ. ಮೇಷ್ಟ್ರು ನಗಲಿಲ್ಲ. ಒಂದರ ಬಟ್ಟೆ ಬಿಚ್ಚಿ, ಬುಡ ಒರೆಸಿ, ಕಾಯುತ್ತಾ ನಿಂತರು. ಪಾದರಸ ಮೆಲ್ಲಗೆ ಏರಿತು. ಆಮೇಲೂ ಏರಿತು. ನಿಂಗಣ್ಣ ಬೆಳಿಗ್ಗೆ ಬರೆದಿದ್ದ ಗೆರೆ ಎಲ್ಲೋ ಕೆಳಗೆ ಉಳಿಯಿತು.

"ಹೊತ್ತು ಏರಿದೆಯಲ್ಲ, ಅದಕ್ಕೆ" ಅಂದರು ಮೇಷ್ಟ್ರು.

ಪಕ್ಕದ್ದಕ್ಕೂ ಅದೇ ಹೊತ್ತು. ಬಟ್ಟೆ ಸುತ್ತಿಕೊಂಡೇ ಇದ್ದ ಅದು ಕೆಳಗೇ ಇತ್ತು. ನಾನು ಅದನ್ನು ಮೇಷ್ಟ್ರಿಗೆ ತೋರಿಸಿದೆ.

ಅಂದರೆ ಏನಾಯಿತು? ಟಾರು ಪಕ್ಕದಲ್ಲೇ ಇದ್ದರೂ, ಒದ್ದೆ ಬಟ್ಟೆಯ ತಂಪಿಗೆ ಈ ಪುಸ್ತಕ ಇಷ್ಟು ವರ್ಷ ಬಿಸಿಲನ್ನು ಕಮ್ಮಿ ಮಾಡಿ ಬರೆದಿದೆ.

ವಾಪಸ್ ಬರುವಾಗ ಕೇಳಿದೆ. "ನಾಳೆ ಇದನ್ನ ಹೇಳ್ತೀರಾ ಸಾರ್?"

"ಒಂದು ಪೆಟ್ಟಿಗೆಯಿಂದ ಏನೂ ಸಾಬೀತಾಗಲ್ಲಪ್ಪಾ" ಅಂದು, ಭಾಷಣ ಬರೆಯಲು ತೆಗೆದಿದ್ದ ಪೆನ್ನು ಮುಚ್ಚಿ ಜೇಬಿಗಿಟ್ಟರು.

ಒಪ್ಪಿದೆ. ಆದರೆ ಅದೇ ಪೆಟ್ಟಿಗೆ ಬಿಸಿಲನ್ನು ಜಾಸ್ತಿ ತೋರಿಸಿದ್ದರೆ, ಭಾಷಣಕ್ಕೆ ಇನ್ನೊಂದು ಪೆಟ್ಟಿಗೆ ಹುಡುಕುತ್ತಿದ್ದರಾ?