ಬಿರುಕಮ್ಮನೂ ಅಪ್ಪನ ಕಾಲಿನ ಸರಳೂ

ನನ್ನ ತಂಗಿಗೆ ಮನೆಯಲ್ಲಿ ಬಿರುಕಮ್ಮ ಎಂದೇ ಅಡ್ಡಹೆಸರು. ಇಟ್ಟವಳು ನಾನೇ. ಬೇರೆ ಮಕ್ಕಳು ಮೋಡ ನೋಡುತ್ತಾ ಕೂತರೆ ಇವಳು ಗೋಡೆಯ ಬಿರುಕು ನೋಡುತ್ತಾ ಕೂರುತ್ತಿದ್ದಳು. ಹಿಡಿ ಮುರಿದ ಸೌಟು, ತುಂಡಾದ ಬೀಗದ ಕೈ, ಏನು ಸಿಕ್ಕಿದರೂ ಕಿಟಕಿಯ ಬೆಳಕಿಗೆ ಹಿಡಿದು, ಮುರಿದ ಜಾಗವನ್ನೇ ದಿಟ್ಟಿಸುತ್ತಾ ಊಟ ಮರೆಯುವಳು. ಕರೆದರೆ ಕೇಳಿಸದು. ಕಿವಿ ಹಿಂಡಿದರೆ, "ಅಕ್ಕಾ, ಇದು ಒಂದೇ ಸಲಕ್ಕೆ ಮುರಿದಿಲ್ಲ ಕಣೇ" ಅನ್ನುವಳು, ನಿದ್ದೆಗಣ್ಣಲ್ಲಿ ಮಾತಾಡಿದ ಹಾಗೆ.

ಮುಂದೆ ಅದನ್ನೇ ಓದಿದಳು. ಮೆಕ್ಯಾನಿಕ್ಸ್ ಆಫ್ ಮೆಟೀರಿಯಲ್ಸ್ ಅಂತೆ. ಯಾವ ವಸ್ತು ಎಷ್ಟು ಭಾರ ಹೊತ್ತೀತು, ಎಷ್ಟು ಕಾಲ ಹೊತ್ತೀತು, ಎಲ್ಲಿಂದ ಸೋಲಲು ಶುರುವಾದೀತು ಎಂದು ತಿಳಿಯುವ ಶಾಸ್ತ್ರ. ನಾನೋ ಹೊಲಿಗೆಯಂಗಡಿಯವಳು, ಹರಿದದ್ದನ್ನು ಕೂಡಿಸಿ ಹೊಟ್ಟೆ ಹೊರೆಯುವವಳು. "ಮುರಿಯೋದಕ್ಕೂ ಸಂಬಳ ಕೊಡ್ತಾರೇನೇ?" ಎಂದು ರೇಗಿಸುತ್ತಿದ್ದೆ. ಸೇತುವೆ ಕಾಯುವವರಿಗೆ ನಾವು ಬೇಕು, ವಿಮಾನ ರಿಪೇರಿಯವರಿಗೆ ಬೇಕು, ಮೈಯೊಳಗಿಡುವ ಸರಳು ಮಾಡುವವರಿಗೆ ಬೇಕು ಎಂದು ಅವಳು ನಿಧಾನವಾಗಿ ಹೇಳುವಳು. ಬೇಕು ಅಂದವರೆಲ್ಲ ಕರೆಯಬೇಕಲ್ಲ! ಡಾಕ್ಟರೇಟ್ ಆಯಿತು, ಅದರ ಮೇಲೂ ಓದಾಯಿತು, ವರ್ಷ ವರ್ಷದ ಕರಾರಿನಲ್ಲಿ ಪ್ರಯೋಗಶಾಲೆಯಲ್ಲೇ ಕೂತು ಅವಳ ಕೂದಲು ಅಲ್ಲಲ್ಲಿ ಬೆಳ್ಳಗಾಯಿತು.

ಒಮ್ಮೆ ಅಲ್ಲಿಗೆ ಹೋಗಿದ್ದೆ. ಒಂದು ಯಂತ್ರ ಬೆರಳುದ್ದದ ಸರಳನ್ನು ಎಳೆಯುವುದು, ಬಿಡುವುದು, ಮತ್ತೆ ಎಳೆಯುವುದು. ಇವಳು ಗಲ್ಲಕ್ಕೆ ಕೈಯೂರಿ, ತೊಟ್ಟಿಲು ತೂಗುವವಳ ಹಾಗೆ ಕೂತಿದ್ದಳು. ಮೇಜಿನ ಮೇಲೆ ಎರಡು ತುಂಡು ಬಿದ್ದಿದ್ದವು. ಕೈಗೆತ್ತಿಕೊಂಡು ಜೋಡಿಸಲು ಹೋದೆ ನೋಡಿ, ಹಾವು ಕಂಡವಳಂತೆ ಎದ್ದು ಬಂದು ಕೈ ಹಿಡಿದಳು. "ಬೇಡ ಅಕ್ಕಾ! ಎಲ್ಲರ ಕೈಯೂ ಮೊದಲು ಅದನ್ನೇ ಮಾಡುತ್ತೆ. ಜೋಡಿಸಿದ್ರೆ ಮುರಿದ ಮುಖ ಉಜ್ಜಿಹೋಗುತ್ತೆ. ಆಮೇಲೆ ಏನೂ ಓದೋಕಾಗಲ್ಲ." ಅಲ್ಲಿಗೆ ಬರುವವರಿಗೆಲ್ಲ ಮೊದಲ ದಿನದ ಪಾಠ ಅದೇ ಅಂತೆ.

ಕೊನೆಗೂ ಒಂದು ಕರೆ ಬಂತು. ದೂರದ ಊರಿನ ಸಂಶೋಧನಾ ಕೇಂದ್ರ, ಮೂಳೆಗೆ ಹಾಕುವ ಲೋಹಗಳನ್ನು ಪರೀಕ್ಷಿಸುವ ವಿಭಾಗ, ಕಾಯಂ ಕೆಲಸ. ತಿಂಗಳ ಕೊನೆಯೊಳಗೆ ಸೇರಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಆಗಲೇ ಅಪ್ಪ ಬಿದ್ದರು.

ಅಪ್ಪ ಮೀಟರ್ ರೀಡರ್ ಆಗಿದ್ದವರು. ಮನೆ ಮನೆ ನಡೆದೇ ಆಯಸ್ಸು ಸವೆಸಿದವರು. ಮೊದಲೊಮ್ಮೆ ತೊಡೆಯ ಮೂಳೆ ಮುರಿದು ಒಳಗೆ ಸರಳು ಹಾಕಿದ್ದರು. ಅದನ್ನಿಟ್ಟುಕೊಂಡೇ ಬೀದಿ ಸುತ್ತುತ್ತಿದ್ದರು. ಈಗ ಬಾಗಿಲೆದುರೇ ಆ ಸರಳು ಒಳಗೇ ತುಂಡಾಯಿತು. ಡಾಕ್ಟರು ಅದನ್ನು ತೆಗೆದು ಹೊಸದು ಹಾಕಿದರು, ಕೆಲವೇ ದಿನಗಳಲ್ಲಿ ಇನ್ನು ನಡೆಯಿರಿ ಅಂದರು. ಅಪ್ಪ ನೆಲಕ್ಕೆ ಕಾಲೇ ಇಡಲೊಲ್ಲರು. "ನಡೆದೇ ಅಲ್ವಾ ಮುರಿದದ್ದು? ಎಲ್ಲ ನನ್ನಿಂದಲೇ" ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ಎತ್ತಿ ಕೂರಿಸಲು ಅಮ್ಮನಿಗೆ ಶಕ್ತಿಯಿಲ್ಲ. "ಅಪ್ಪ ಏಳದಿದ್ರೆ ನಾನು ಹೋಗಲ್ಲ" ಅಂದಳು ಬಿರುಕಮ್ಮ. ಅವಳು ಹೋಗಲ್ಲ ಅಂದರೆ ಹೋಗಲ್ಲ.

ಆಸ್ಪತ್ರೆಯವರು ಕೊಟ್ಟ ತುಂಡುಗಳನ್ನು ಹತ್ತಿಯಲ್ಲಿ ಸುತ್ತಿ ಕಪಾಟಿನಲ್ಲಿ ಇಟ್ಟಿದ್ದಳು, ಮುರಿದದ್ದು ಯಾಕೆಂದು ನೋಡಲು. ಅಮ್ಮ ಸುಮ್ಮನಿರುತ್ತಾಳೆಯೇ? ಪಾತ್ರೆ ಪುಡಿ ಹಾಕಿ ಉಜ್ಜಿ, ಎರಡನ್ನೂ ತಿರುಗಿಸಿ ತಿರುಗಿಸಿ ಕೂಡಿಸಿ, ದಾರ ಕಟ್ಟಿಟ್ಟಿದ್ದಳು. "ಎಷ್ಟು ಚೆನ್ನಾಗಿ ಕೂತಿದೆ ನೋಡು! ಪಾಪ, ಬೇರೆ ಬೇರೆ ಬಿದ್ದಿದ್ವು" ಅಂದಳು. ತಂಗಿ ದಾರ ಬಿಚ್ಚಿ ನೋಡಿದಳು. ಅಮ್ಮನ ಕೈ ಸವರಿ ಪ್ರಯೋಗಶಾಲೆಗೆ ಹೋದಳು.

ಸಂಜೆ ಎರಡು ಚಿತ್ರ ಹಿಡಿದು ಬಂದವಳು ಅಡುಗೆಮನೆಗೆ ನನ್ನನ್ನು ಕರೆದಳು. "ಬಿರುಕು ಶುರುವಾದ ಅಂಚೇ ಉಜ್ಜಿಹೋಗಿದೆ ಅಕ್ಕಾ. ಸರಳಲ್ಲೇ ಮೊದಲಿಂದ ಗೀರಿತ್ತೋ ಏನೋ, ಗೊತ್ತಾಗಲ್ಲ."

"ಗೀರಿತ್ತು, ನಿಮ್ಮ ತಪ್ಪಲ್ಲ ಅಂತ್ಲೇ ಅಪ್ಪಂಗೆ ಹೇಳಿಬಿಡೇ! ಒಂದು ಸುಳ್ಳು ಹೇಳಿದ್ರೆ ನಿನ್ನ ಗಂಟೇನು ಹೋಗುತ್ತೆ?"

"ಕಾಣದ್ದನ್ನ ಕಂಡೆ ಅನ್ನೋದು ನನ್ನ ಕೈಲಾಗಲ್ಲ."

"ಅಯ್ಯೋ ಹರಿಶ್ಚಂದ್ರನ ಮೊಮ್ಮಗಳೇ, ಹಾಗಾದ್ರೆ ಇಲ್ಲೇ ಕೊಳೆತುಕೊಂಡಿರು!" ಎಂದು ಸೌಟು ಕುಕ್ಕಿದೆ. ನನಗೆ ಅಳು ಬಂದಿತ್ತು, ಅದಕ್ಕೇ ಅಷ್ಟು ಜೋರು.

ಅವಳು ಹೋಗಿ ಅಪ್ಪನ ಮಂಚದ ಮೇಲೆ ಕೂತಳು. ಪರದೆ ಮೆಲ್ಲಗೆ ಆಡುತ್ತಿತ್ತು, ಹಾಸಿಗೆಯ ತುಂಬ ಇಳಿಬಿಸಿಲು. ಅಪ್ಪ ತಿರುಗದೆಯೇ ಕೇಳಿದರು, "ನಾನು ನಡೆದದ್ದರಿಂದಲೇ ಅಲ್ವಾ?"

"ಹೌದಪ್ಪಾ."

ಬಾಗಿಲಲ್ಲಿ ನಿಂತಿದ್ದ ನಾನು ಹಣೆ ಚಚ್ಚಿಕೊಂಡೆ. ಅವಳು ಚಿತ್ರಗಳನ್ನು ಅವರ ಮುಂದೆ ಹರಡಿದಳು. ಒಂದು, ಸರಳಿನ ಮುರಿದ ಮುಖ. ಇನ್ನೊಂದು, ಅದರಲ್ಲೇ ಸೂಜಿಮೊನೆಗಿಂತ ಕಿರಿದಾದ ಜಾಗವನ್ನು ಹಿಗ್ಗಿಸಿದ್ದು. ಅದರ ತುಂಬ ಗೆರೆಗಳು, ನೀರು ಹಿಂದೆ ಸರಿದ ಮೇಲೆ ಮರಳಿನ ಮೇಲೆ ಉಳಿಯುವಂಥವು, ಒಂದರ ಪಕ್ಕ ಒಂದು. "ಒಂದೊಂದು ಗೆರೆ ಈ ಕಾಲಲ್ಲಿ ನೀವಿಟ್ಟ ಒಂದೊಂದು ಹೆಜ್ಜೆ. ಯಾಕೆ ಶುರುವಾಯ್ತೋ ನನಗೆ ಕಾಣಿಸಲಿಲ್ಲ. ಶುರುವಾದ ಮೇಲೂ ನೀವು ನಡೆದಿದ್ದೀರಿ, ಅದು ಕಾಣಿಸುತ್ತೆ."

ಅಪ್ಪ ಈ ಕಡೆ ತಿರುಗಿ ಕನ್ನಡಕ ಕೇಳಿದರು. "ಇದರಲ್ಲಿ ನಾನು ಬಿದ್ದದ್ದು ಎಲ್ಲಿ?"

ಅವಳು ಮೊದಲ ಚಿತ್ರದ ಮೂಲೆಯಲ್ಲಿ, ಉಗುರಿನಡಿ ಅಡಗುವಷ್ಟು ಒರಟು ಜಾಗವನ್ನು ತೋರಿಸಿದಳು.

"ಇಷ್ಟೇನಾ?"

"ಇಷ್ಟೇ ಅಪ್ಪಾ. ಉಳಿದದ್ದೆಲ್ಲ ನಡೆದದ್ದು."

ಅಪ್ಪ ಗೆರೆಗಳ ಮೇಲೆ ಬೆರಳಿಟ್ಟು ಮೆಲ್ಲಗೆ ಸರಿಸುತ್ತಾ ಹೋದರು. "ಇದು ಹಾಲಿನಂಗಡಿಗೆ... ಇದು ನಿಮ್ಮಮ್ಮನ ಮಾತ್ರೆ ತರೋಕೆ ಹೋದದ್ದು... ಇದು ನಿನಗೆ ಕೊಡೆ ತಂದದ್ದು, ಗೇಟಿನ ಹತ್ತಿರ ನಿಂತಿದ್ದೆಯಲ್ಲ..." ಎಂದು ಗೊಣಗುತ್ತಾ ಬೀದಿ ಬೀದಿ ತಿರುಗಿ, ಬೆರಳು ಅಲ್ಲೇ ಇಟ್ಟು ನಿದ್ದೆಹೋದರು. ತಂಗಿ ಮೆಲ್ಲಗೆ ಅವರ ಕನ್ನಡಕ ತೆಗೆದಿಟ್ಟಳು. ಬೆಳಿಗ್ಗೆ ನೋಡಿದರೆ ಕಿಟಕಿಯ ಸರಳು ಹಿಡಿದು ನಿಂತಿದ್ದಾರೆ, "ನನ್ನ ಚಪ್ಪಲಿ ಯಾರ್ರೀ ಎತ್ತಿಟ್ಟೋರು?" ಎಂದು ಜೋರು ಬೇರೆ!

ತಿಂಗಳ ಕೊನೆಗೆ ಅವಳನ್ನು ರೈಲು ಹತ್ತಿಸಲು ಅಪ್ಪ ಕೋಲೂರಿಕೊಂಡು ಬಂದರು. ಆಟೋದಿಂದ ಪ್ಲಾಟ್‌ಫಾರಂವರೆಗೆ ಯಾರ ಕೈಯನ್ನೂ ಹಿಡಿಯಲಿಲ್ಲ. ಹಣೆ ಬೆವೆತಿತ್ತು, ಕೋಲು ಹಿಡಿದ ಬೆರಳಿನ ಗೆಣ್ಣು ಬಿಳಿಚಿಕೊಂಡಿತ್ತು.

"ನೋಯ್ತಿದೆಯಾ ಅಪ್ಪಾ?"

"ಛೇ, ಒಂಚೂರೂ ಇಲ್ಲ. ನೀನು ಹತ್ತು."

ಬಿರುಕಮ್ಮ ಆ ಬೆರಳುಗಳನ್ನೇ ನೋಡುತ್ತಾ ನಿಂತಳು. ಆಮೇಲೆ ಏನೂ ಕಾಣದವಳ ಹಾಗೆ, "ಸರಿ ಅಪ್ಪಾ" ಎಂದು ಹತ್ತಿ ಕೂತಳು.