ಉದ್ದನೆಯ ಮನೆಗೆ ಹೊಸ್ತಿಲು

ಮಂಡ್ಯದ ಹತ್ತಿರದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಿಂದ ಕೂಗಳತೆ ದೂರದಲ್ಲಿರುವ ನಮ್ಮ ಮನೆಯನ್ನು ಊರಿನವರು ಇವತ್ತಿಗೂ ರೈಲು ಮನೆ ಎನ್ನುತ್ತಾರೆ. ಅಪ್ಪ ಗಾರೆ ಮೇಸ್ತ್ರಿ. ಫಾರಂನ ಸಾಹೇಬರ ಬಂಗಲೆಗಳನ್ನು ರಿಪೇರಿ ಮಾಡಿ ಮಾಡಿ ಅದೇ ತಲೆಗೆ ಹತ್ತಿತ್ತೋ ಏನೋ, ಸ್ವಂತ ಮನೆ ಕಟ್ಟುವಾಗ ತೊಟ್ಟಿ ಬೇಡ, ಮಹಡಿ ಬೇಡ ಎಂದು ಹಟ ಹಿಡಿದರಂತೆ. ಒಂದೇ ಸಾಲಿನಲ್ಲಿ ಐದು ಕೋಣೆ, ತಗ್ಗಾದ ಹೆಂಚಿನ ಸೂರು, ಗದ್ದೆಯ ಕಡೆಗೆ ಅಗಲವಾದ ಕಿಟಕಿಗಳು, ಅದೇ ಸೂರಿನ ಕೊನೆಗೆ ಗಾಡಿ ನಿಲ್ಲಿಸುವ ಜಾಗ. ಅಂಗಳದಿಂದ ಅಡುಗೆಮನೆಯವರೆಗೆ ನೆಲ ಒಂದೇ ಮಟ್ಟ, ಒಂದು ಮೆಟ್ಟಿಲೂ ಇಲ್ಲ. ಊರಿನವರ ಕಣ್ಣಿಗೆ ಎಲ್ಲಕ್ಕಿಂತ ದೊಡ್ಡ ತಪ್ಪೆಂದರೆ, ಬಾಗಿಲಿಗೆ ಹೊಸ್ತಿಲಿಲ್ಲ.

ಎರಡು ವರ್ಷದ ಹಿಂದೆ ಮೈಸೂರಿನ ಕಾಲೇಜಿನಲ್ಲಿ ಕಟ್ಟಡ ವಿನ್ಯಾಸ ಕಲಿಸುವ ಹೆಣ್ಣುಮಗಳೊಬ್ಬಳು ಟೇಪು ಹಿಡಿದು ಬಂದು ಇಡೀ ದಿನ ಅಳೆದಳು. "ಸರ್, ಅಮೆರಿಕದಲ್ಲಿ ಇಂಥದ್ದಕ್ಕೆ ರಾಂಚ್ ಮನೆ ಅಂತಾರೆ. ನೆಲಕ್ಕಂಟಿಕೊಂಡು ಉದ್ದಕ್ಕೆ ಕಟ್ಟೋದು. ನಿಮ್ಮ ತಂದೆ ಆ ಹೆಸರೂ ಕೇಳಿರಲಿಕ್ಕಿಲ್ಲ. ಮಳೆ ನೀರು ಒಳಗೆ ಬರದ ಹಾಗೆ ಜಗಲಿಗೆ ಎಷ್ಟು ನಾಜೂಕಾಗಿ ಇಳಿಜಾರು ಕೊಟ್ಟಿದ್ದಾರೆ ನೋಡಿ! ಏನು ಮಾಡಿದರೂ ನೆಲ ಮಾತ್ರ ಮುಟ್ಟಬೇಡಿ" ಎಂದಳು. ಹೀಗೇಕೆ ಕಟ್ಟಿದರು ಎಂದು ಕೇಳಿದಾಗ ನಾನು ಪೆಚ್ಚಾದೆ. ಅರವತ್ತು ವರ್ಷ ಅದರಲ್ಲೇ ಬಾಳಿದವನು, ಒಂದು ದಿನವೂ ಕೇಳಿರಲಿಲ್ಲ.

ಉತ್ತರ ಹೇಳಿದ್ದು ಅವ್ವ. "ನಿಮ್ಮತ್ತೆಗೆ, ಅದೇ ನಿಮ್ಮಪ್ಪನ ತಂಗಿಗೆ, ಎರಡು ಕಾಲೂ ಸ್ವಾದೀನ ಇರ್ನಿಲ್ಲ ಕಣ್ಲಾ. ತೆವಳ್ಕಂಡೇ ಓಡಾಡೋಳು. ಅಳೇ ಮನೇಲಿ ಒಂದೊಂದು ಒಸ್ಲು ಬಂದಾಗ್ಲೂ ಯಾರಾರ ಎತ್ತಿ ದಾಟಿಸ್ಬೇಕಿತ್ತು. ನಿಮ್ಮಪ್ಪನ ಕೈಲಿ ಅದ ನೋಡಕಾಗ್ನಿಲ್ಲ." ನಾನು ಹುಟ್ಟುವ ಮೊದಲೇ ತೀರಿಕೊಂಡ ಆ ಅತ್ತೆಯ ಒಂದು ಫೋಟೋ ಕೂಡ ನಮ್ಮಲ್ಲಿಲ್ಲ. ಹೇಳುತ್ತಿದ್ದ ಅವ್ವನೂ ಅಷ್ಟು ಹೊತ್ತಿಗೆ ಸೊಂಟ ಮುರಿದುಕೊಂಡು ವಾಕರ್ ಹಿಡಿದಿದ್ದಳು. ಪಾದ ಎತ್ತಲಾರಳು, ಜಾರಿಸಿಕೊಂಡೇ ನಡೆಯುತ್ತಾಳೆ. ಇನ್ನೊಂದು ಸಲ ಬಿದ್ದರೆ ಹಾಸಿಗೆಯೇ ಗತಿ ಎಂದು ಡಾಕ್ಟರು ಹೇಳಿದ್ದರು.

ಕಳೆದ ವರ್ಷ ಮಗನಿಗೆ ಮಳವಳ್ಳಿ ಕಡೆಯ ಹುಡುಗಿ ಗೊತ್ತಾದಳು. ಅವ್ವ ಶುರು ಮಾಡಿದಳು: "ಬಾಗ್ಲಿಗೆ ಒಂದು ಒಸ್ಲು ಆಕ್ಸು."

ನನಗೆ ರೇಗಿತು. "ತಲೆ ನೆಟ್ಟಗಿದ್ದದಾ ನಿಂಗೆ? ಎಡವಿ ಬಿದ್ರೆ ಏನವ್ವ ಗತಿ?"

"ಬಿದ್ರೆ ಬೀಳ್ತೀನಿ ಬುಡು. ಆ ಹೆಣ್ಮಗ ನೋಯ್ಬಾರ್ದು."

ಅವಳ ಹೆದರಿಕೆ ನನಗೆ ಗೊತ್ತಿತ್ತು. ನಮ್ಮಲ್ಲಿ ಹೊಸ ಸೊಸೆ ಹೊಸ್ತಿಲ ಮೇಲಿಟ್ಟ ಅಕ್ಕಿಯ ಸೇರನ್ನು ಬಲಗಾಲಿನಿಂದ ಒದ್ದು ಒಳಗೆ ಬರಬೇಕು. ನನ್ನ ಮದುವೆಯಲ್ಲಿ ಅಪ್ಪ ಸುಣ್ಣದ ಗೆರೆ ಎಳೆದು, "ಇದೇ ಒಸ್ಲು, ದಾಟು ಕಣಮ್ಮ" ಎಂದುಬಿಟ್ಟಿದ್ದರು. ಆಮೇಲೆ ನನ್ನ ಹೆಂಡತಿಗೆ ಎರಡು ಸಲ ಗರ್ಭ ನಿಲ್ಲಲಿಲ್ಲ. ನೆಂಟರ ಬಾಯಿಗೆ ಬೀಗ ಹಾಕುವವರು ಯಾರು? ಗೆರೆ ದಾಟಿ ಬಂದವಳಿಗೆ ಇನ್ನೇನಾಗುತ್ತದೆ ಎಂದು ಆಡಿಕೊಂಡರು. ಮೂರನೆಯದಾಗಿ ಮಗ ಹುಟ್ಟಿದರೂ ಅವ್ವ ಆ ಮಾತನ್ನು ಮರೆಯಲಿಲ್ಲ. ನಾನು ಹೆಂಡತಿಯ ಕಡೆ ನೋಡಿದೆ. ಸೊಪ್ಪು ಬಿಡಿಸುತ್ತಿದ್ದ ಅವಳ ಕೈ ನಿಂತಿತ್ತು. ಬೇಡ ಎಂಬ ಒಂದು ಮಾತು ಅವಳ ಬಾಯಿಂದ ಬರಲಿಲ್ಲ.

ಮಂಡ್ಯದಿಂದ ಬಡಗಿಯನ್ನು ಕರೆಸಿದೆ. ಅವನು ವಾಕರ್ ನೋಡಿ, "ಒಂದಿಂಚು ಸಾಕಲ್ವಾ ಸಾರ್?" ಎಂದ. ಅವ್ವ ಒಪ್ಪಲಿಲ್ಲ. "ಒಸ್ಲು ಅಂದ್ರೆ ಒಸ್ಲಂಗೇ ಇರ್ಬೇಕು ಕಣಪ್ಪ." ಮೂರು ಇಂಚಾಯಿತು. ಅಪ್ಪ ಕೈಯಾರೆ ಉಜ್ಜಿದ ಕೆಂಪು ಗಾರೆಗೆ ಉಳಿ ಬಿದ್ದಾಗ ನಾನು ಹಿತ್ತಲಿಗೆ ಹೋಗಿ ನಿಂತೆ.

ಮದುವೆಯಾಗಿ ಬಂದ ಹುಡುಗಿ ಸೇರು ಒದ್ದಳು, ಅಕ್ಕಿ ಚೆಲ್ಲಿತು, ಎಲ್ಲರೂ ನಕ್ಕರು. ನಾನು ನೋಡುತ್ತಿದ್ದುದು ವಾಕರಿನ ಕಾಲುಗಳನ್ನು ಮಾತ್ರ. ಎರಡು ದಿನ ನಾನು ಬಾಗಿಲು ಬಿಟ್ಟು ಕದಲಲಿಲ್ಲ. "ಬೀಗ್ರಿಗೆ ವಾಚ್‌ಮನ್ ಮಡಗವ್ರೆ" ಎಂದು ಯಾರೋ ರೇಗಿಸಿದರು. ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಅವ್ವ ಬೀಳಲಿಲ್ಲ. ಆದರೆ ನೆಂಟರೆಲ್ಲ ಹೋದ ಮೇಲೆ ಜಗಲಿಗೆ ಬರುವುದನ್ನೇ ಬಿಟ್ಟಳು. ಬೆಳಿಗ್ಗೆ ಕಾಫಿ ಕುಡಿದು ಜಗಲಿಯಲ್ಲಿ ಕೂತು, ಫಾರಂ ಕೆಲಸಕ್ಕೆ ಹೋಗುವ ಹೆಂಗಸರನ್ನೆಲ್ಲ ಕೂಗಿ ಮಾತಾಡಿಸದಿದ್ದರೆ ಅವಳಿಗೆ ದಿನವೇ ಹುಟ್ಟುತ್ತಿರಲಿಲ್ಲ. ಈಗ ಒಂದು ದಿನ ಬಿಸಿಲು, ಒಂದು ದಿನ ಗಾಳಿ, ಒಂದು ದಿನ ಮಂಡಿನೋವು. ನಾನು ದಡ್ಡ, ನಂಬಿದೆ.

ಒಂದು ಮಧ್ಯಾಹ್ನ ಗದ್ದೆಯ ಕಡೆಯಿಂದ ಬರುವಾಗ ಕಿಟಕಿಯಲ್ಲಿ ಅವ್ವ ಕಂಡಳು. ವಾಕರನ್ನು ಹೊಸ್ತಿಲವರೆಗೆ ತಂದಳು. ಎತ್ತಿ ಆಚೆಗಿಟ್ಟಳು. ಪಾದ ಮೇಲೇಳಲಿಲ್ಲ. ಯಾರಾದರೂ ನೋಡಿದರೋ ಎಂದು ಹಿಂದೆ ತಿರುಗಿ ನೋಡಿ, ವಾಕರನ್ನು ಒಳಕ್ಕೆಳೆದುಕೊಂಡು ಹೋಗಿಬಿಟ್ಟಳು. ನಾನು ಚಪ್ಪಲಿಯನ್ನೂ ಬಿಡದೆ ಒಳಗೆ ಹೋದೆ.

"ನಾಳೇನೇ ಬಡಗಿ ಕರುಸ್ತೀನಿ ಕಣವ್ವ" ಎಂದೆ.

ಅವಳು ನನ್ನ ಕೈ ಹಿಡಿದುಕೊಂಡಳು. "ಬ್ಯಾಡ ಕಣ್ಲಾ ಮಗ. ಆ ಹುಡ್ಗಿ ಮಡ್ಲು ತುಂಬ್ಲಿ. ಮಗ ಕೈಗೆ ಬರ್ಲಿ. ಆಮ್ಯಾಕೆ ಕಿತ್ತಾಕು. ಅಲ್ಲೀಗಂಟ ಒಳಗೇ ಇರ್ತೀನಿ, ನಂಗೇನಾಯ್ತದೆ?"

ಅವಳಿಗೆ ಎಂಬತ್ತೈದು. ಅಲ್ಲಿಯವರೆಗೆ ಎಂದರೆ ಎಷ್ಟು ದಿನ, ಅಷ್ಟು ದಿನ ಅವಳ ಬಳಿ ಉಂಟೋ ಇಲ್ಲವೋ! ಅಪ್ಪನಾಗಿದ್ದರೆ ಅವತ್ತೇ ಹಾರೆ ಹಿಡಿಯುತ್ತಿದ್ದರು. ನಾನು ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿದ ಮೇಷ್ಟ್ರು. ಬಡಗಿಯ ನಂಬರು ತೆಗೆದೆ. ಅಷ್ಟರಲ್ಲಿ ಹಿತ್ತಲಲ್ಲಿ ಸೊಸೆಯ ನಗು ಕೇಳಿಸಿತು. ಕಿತ್ತ ಮೇಲೆ ಇವಳಿಗೇನಾದರೂ ಆದರೆ ಎಂಬ ಯೋಚನೆ ಬಂದದ್ದೇ ಫೋನನ್ನು ಜೇಬಿಗೆ ಹಾಕಿಕೊಂಡೆ. ನಾಚಿಕೆಯಾಗುತ್ತದೆ, ಆದರೂ ಹೇಳಿಬಿಡುತ್ತೇನೆ: ನಾನು ಫೋನ್ ಮಾಡಲಿಲ್ಲ. ಇವತ್ತಿನವರೆಗೂ ಮಾಡಿಲ್ಲ.